ಗೀರು ದಾಟಿದ ಗಾಯ

ಡಾಕ್ಟರು ಪ್ರಶ್ನೆ ಮುಗಿಸುವ ಮೊದಲೇ ತಾನು ಉತ್ತರ ಕೊಟ್ಟುಬಿಟ್ಟೆ ಎಂಬುದು ಹೋದ ವಾರದಿಂದ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇರುವಾಗ ಏನು ಗೊಣಗಿದರೂ ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ, ಅದನ್ನು ತನಗೆ ತಾನೇ ಒಪ್ಪಿಸಿದಳು. ನಾನು ಹೇಳಿದ್ದು ಸುಳ್ಳು. ದೊಡ್ಡ ಸುಳ್ಳೇನೂ ಅಲ್ಲ, ಒಂದೇ ಮಾತು. “ನೋವು, ತುರಿಕೆ ಏನಾದ್ರೂ...” ಎಂದು ಡಾಕ್ಟರಮ್ಮ ಕೇಳುತ್ತಿರುವಾಗಲೇ “ಇಲ್ಲ” ಎಂದಿದ್ದಳು. ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಎಡದವಡೆಯ ಮೇಲೆ, ಬಾಯಿಯ ಮೂಲೆಯಿಂದ ಕಿವಿಯ ಕೆಳಗಿನವರೆಗೆ ಎದ್ದುನಿಂತ ಕೆಂಪು ದಪ್ಪ ಗುರುತನ್ನು ಡಾಕ್ಟರಮ್ಮ ಹೆಬ್ಬೆರಳಿನಿಂದ ಒತ್ತಿದಾಗ ಕಣ್ಣಲ್ಲಿ ನೀರು ಬಂತು. ಬಂದ ನೀರನ್ನು ಮೇಲಿನ ದೀಪದ ತಲೆಗೆ ಕಟ್ಟಿ, ಬೆಳಕು ಕಣ್ಣಿಗೆ ಹೊಡೆಯಿತೆಂಬಂತೆ ಮುಖ ಕಿವುಚಿದಳು. ಪಾಪ, ಆಕೆ ದೀಪವನ್ನು ಆಚೆ ತಿರುಗಿಸಿದರು. ಆ ಸೌಜನ್ಯ ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಡಾಕ್ಟರಮ್ಮ ಹೇಳಿದ್ದು ಇನ್ನೂ ಕೆಟ್ಟದಾಗಿತ್ತು. “ನೋವಿಲ್ಲ, ತುರಿಕೆ ಇಲ್ಲ ಅಂದ್ರೆ ಇದು ತಣ್ಣಗಾಗಿದೆ ಅಂದ್ಕೋತೀನಿ. ಹಾಗಿದ್ರೆ ಕತ್ತರಿಸಿ ಹೊಲಿಯೋಕೆ ಧೈರ್ಯ ಮಾಡಬಹುದು. ನೋವಿದ್ದಿದ್ರೆ ಅದರ ಮಾತೇ ಬೇರೆ. ಒಳಗೆ ಇನ್ನೂ ಉರೀತಿರುತ್ತೆ, ಕತ್ತರಿಸಿದ್ರೆ ಕತ್ತರಿಸಿದ ಜಾಗದಿಂದಲೇ ಇದಕ್ಕಿಂತ ದೊಡ್ಡದಾಗಿ ಎದ್ದು ಬರಬಹುದು.” ಅಪ್ಪ ತಲೆಯಾಡಿಸಿದ. ಅವಳೂ ಆಡಿಸಿದಳು. ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತ ಎದ್ದು ಬಂದಿದ್ದರು, ಯಾವುದೋ ಒಳ್ಳೆಯ ಸುದ್ದಿ ಕೇಳಿದವರ ಹಾಗೆ.

“ಬಚ್ಚಲಲ್ಲೇ ಬಿಡಾರ ಹೂಡಿದ್ಯೇನೇ?” ಎಂದು ಅಮ್ಮ ಹೊರಗಿನಿಂದ ಕೂಗಿದಳು. ಅವಳು ಬಾಯಿ ಮುಕ್ಕಳಿಸಿದಳು. ಮುಕ್ಕಳಿಸುವಾಗ ಎಡಗೆನ್ನೆ ಉಬ್ಬದಂತೆ ನೀರನ್ನು ಬಲಕ್ಕೇ ಇಟ್ಟುಕೊಳ್ಳುವುದು ಎಂದೋ ರೂಢಿಯಾಗಿತ್ತು. ಹೀಗೆ ಎಷ್ಟೋ ರೂಢಿಗಳು. ಬಲಗಡೆಯೇ ಅಗಿಯುವುದು, ಬಲಮಗ್ಗುಲಿಗೇ ಮಲಗುವುದು, ಆಕಳಿಕೆ ಬಂದರೆ ಅದನ್ನು ಮೂಗಿನಲ್ಲೇ ಮುಗಿಸುವುದು. ಅಡುಗೆಮನೆಯಲ್ಲಿ ಅಪ್ಪ ಚಹಾ ಲೋಟ ಹಿಡಿದು ನಿಂತಿದ್ದ. ಬೆಳಿಗ್ಗೆ ಕೂತು ಚಹಾ ಕುಡಿದರೆ ದಿನವಿಡೀ ಕೂತೇ ಇರಬೇಕಾಗುತ್ತದೆ ಎಂಬುದು ಅವನ ನಂಬಿಕೆ. “ಸಂಜೆ ನಾನು ಅಂಗಡಿಯಿಂದ ನೇರ ಆಸ್ಪತ್ರೆಗೆ ಬರ್ತೀನಿ. ಇವತ್ತೇ ದಿನ ಗೊತ್ತು ಮಾಡಿಬಿಡೋಣ,” ಎಂದ. “ಕ್ರೀಮು, ಪಟ್ಟಿ, ಅದೂ ಇದೂ ಅಂತ ಎಳೆದಿದ್ದು ಸಾಕು. ಒಂದೇ ಸಲ ಕತ್ತರಿಸಿ ತೆಗೆಯಲಿ. ಗಾಜಿನ ಮೇಲೆ ಒಮ್ಮೆ ಗೀರಿದ ಗೀರಿನ ಮೇಲೆ ಮತ್ತೆ ಕೊಯ್ಯೋ ಚಕ್ರ ಓಡಿಸಬಾರದು. ಓಡಿಸಿದರೆ ಚೂರು ಏಳುತ್ತೆ, ಅಂಚು ಹಾಳು. ಒಂದೇ ಸಲ, ಉಸಿರು ಹಿಡಿದು, ಸರ್ರಂತ.” ಲೋಟ ಹಿಡಿಯದ ಕೈಯಿಂದ ಗಾಳಿಯಲ್ಲಿ ಗೆರೆ ಎಳೆದ. ಅಮ್ಮ ಪಾತ್ರೆಯಿಂದ ತಲೆಯೆತ್ತದೆ, “ನಿಮ್ಮ ಮಗಳೇನು ಕಿಟಕೀನೇನ್ರೀ?” ಎಂದಳು. “ಮಾತಿಗೆ ಹೇಳಿದೆ ಕಣೇ.” “ನೀವು ಮಾತಿಗೆ ಹೇಳೋದೆಲ್ಲ ಗಾಜಿನದ್ದೇ. ನನ್ನನ್ನ ನೋಡೋಕೆ ಬಂದಾಗಲೂ ನಮ್ಮಪ್ಪನ ಹತ್ರ ಕಪಾಟಿನ ಅಳತೆ ಕೇಳಿದವರು.” ಅಪ್ಪ ನಕ್ಕ. ನಗುತ್ತಲೇ ಮಗಳ ಕಡೆ ತಿರುಗಿ, “ಹೆದರಿಕೆ ಇಲ್ಲ ತಾನೆ ಮರಿ?” ಎಂದ. “ಇಲ್ಲಪ್ಪ,” ಎಂದಳು.

ಅಪ್ಪನ ಪ್ರಶ್ನೆಗಳು ಹೀಗೇ. ಉತ್ತರವನ್ನು ಮಡಿಸಿ ಒಳಗಿಟ್ಟೇ ಕೊಡುತ್ತಾನೆ, ತೆಗೆದುಕೊಂಡವರು ಬಿಚ್ಚಿ ತೋರಿಸಿದರೆ ಸಾಕು. ಅವಳು ಐದನೇ ತರಗತಿಯಲ್ಲಿದ್ದಾಗ, ಶಾಲೆಗೆ ರಜೆಯಿದ್ದ ಒಂದು ದಿನ, ಅಪ್ಪನ ಗಾಜಿನ ಅಂಗಡಿಯಲ್ಲಿ ಗಿರಾಕಿ ಒಬ್ಬ ಬೇಗ ಬೇಗ ಎಂದು ತಲೆಯ ಮೇಲೆ ಕೂತಿದ್ದ. ಕೆಲಸದವನು ಬಂದಿರಲಿಲ್ಲ. “ಬಾ ಮರಿ, ಈ ಮೂಲೆ ಹಿಡ್ಕೋ,” ಎಂದು ಅಪ್ಪ ಕರೆದ. ಆ ಕರೆಗೆ ಅವಳು ಎಷ್ಟು ದಿನದಿಂದ ಕಾದಿದ್ದಳೋ. ಲಂಗಕ್ಕೆ ಕೈ ಒರೆಸಿಕೊಂಡು, ದೊಡ್ಡವರ ಹಾಗೆ ಕಾಲು ಅಗಲಿಸಿ ನಿಂತು ಹಿಡಿದಳು. ಗಾಜಿನ ಆಚೆಗೆ ಅಪ್ಪನ ಅಂಗಿ ಹಸಿರಾಗಿ ಕಾಣುತ್ತಿತ್ತು. ಗಾಜು ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ. ಅಪ್ಪ ತಿರುಗಿದ, ಅಥವಾ ಅವಳೇ ತಿರುಗಿದಳು, ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಇನ್ನೂ ಉಜ್ಜಿರದ ಅಂಚು ದವಡೆಯ ಮೇಲೆ ಹಾದುಹೋದದ್ದು ನೋವಾಗಿರಲಿಲ್ಲ, ಬರೀ ತಂಪಾಗಿತ್ತು. ನೋವು ಬಂದದ್ದು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ. “ನೋವಿಲ್ಲ ತಾನೆ?” ಎಂದು ಅಪ್ಪ ಹಾಸಿಗೆಯ ಪಕ್ಕ ಕೂತು ಕೇಳಿದ. “ನೋಯ್ತಿದೆ ಅಪ್ಪ,” ಎಂದಳು, ಬೇರೆ ಹೇಳಲು ಗೊತ್ತಿಲ್ಲದ ವಯಸ್ಸು. ಅಪ್ಪ ಎದ್ದು ಹೋಗಿ ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತ. ಅವನ ಬೆನ್ನು ಅಲುಗುತ್ತಿತ್ತು. ಅವನ ಊಟದ ತಟ್ಟೆ ಹಾಗೇ ಒಳಗೆ ಹೋಯಿತು. ಮಾರನೆಯ ದಿನವೂ ಹೋಯಿತು. ಅಮ್ಮ ಬಂದು ಅವಳ ತಲೆ ಸವರಿ, ಪಿಸುಮಾತಿನಲ್ಲಿ, “ಅಪ್ಪ ಕೇಳಿದ್ರೆ ನೋಯಲ್ಲ ಅನ್ನು, ಜಾಣೆ ಅಲ್ವಾ. ಅವರು ಊಟ ಬಿಟ್ಟುಬಿಟ್ಟಿದ್ದಾರೆ,” ಎಂದಳು. ಆ ಮಾತು ಅಮ್ಮನಿಗೆ ಈಗ ನೆನಪಿರಲಿಕ್ಕಿಲ್ಲ. ಒಂದೆರಡು ದಿನದ ಮಟ್ಟಿಗೆ ಎಂದೇ ಹೇಳಿರಬೇಕು. ಯಾರೂ ವಾಪಸು ತೆಗೆದುಕೊಳ್ಳಲಿಲ್ಲ, ಅಷ್ಟೆ. ಅಪ್ಪ ಸಂಜೆ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುತ್ತ ಕೇಳುವನು, ಅವಳು ಪುಸ್ತಕದಿಂದ ತಲೆಯೆತ್ತದೆ ಇಲ್ಲ ಎನ್ನುವಳು, ಆಮೇಲೆ ಅವನ ಚಪ್ಪಲಿ ಗೋಡೆಯ ಪಕ್ಕ ಸೇರುವುದು. ಕಾಲೇಜಿಗೆ ಬರುವ ಹೊತ್ತಿಗೆ ಪ್ರಶ್ನೆ ನಿಂತಿತು, ಉತ್ತರ ಮಾತ್ರ ಉಳಿಯಿತು. ಅಪ್ಪನಿಗೆ ಅವತ್ತಿನಿಂದ ಇನ್ನೊಂದು ಹುಚ್ಚು ಹತ್ತಿತ್ತು. ಚೌಕಟ್ಟಿನೊಳಗೆ ಹುದುಗಿಹೋಗುವ, ಯಾರ ಬೆರಳೂ ತಾಗದ ಗಾಜಿನ ಅಂಚನ್ನೂ ಕಲ್ಲಿನಿಂದ ಉಜ್ಜಿ ನುಣ್ಣಗೆ ಮಾಡಿಯೇ ಕೊಡುವುದು. ಪಕ್ಕದ ಅಂಗಡಿಯವರು, “ಗೋಡೆಯೊಳಗಿನ ಇಟ್ಟಿಗೆಗೂ ಬಣ್ಣ ಹೊಡೀರಿ ಸ್ವಾಮಿ,” ಎಂದು ನಗುತ್ತಿದ್ದರು.

ಬಸ್ಸಿನಲ್ಲಿ ಅವಳಿಗೆ ಎಡಗಡೆಯ ಕಿಟಕಿಯ ಸೀಟು ಸಿಕ್ಕಿತು. ಗುರುತು ಹೊರಗಿನ ಗಾಳಿಯ ಕಡೆಗೆ, ಬಲಗೆನ್ನೆ ಬಸ್ಸಿನವರ ಕಡೆಗೆ. ಹೀಗಿದ್ದರೆ ಅವಳು ಯಾರಂತೆ ಬೇಕಾದರೂ ಇರಬಹುದು. ಮೊದಮೊದಲು ಅದು ಪೆನ್ಸಿಲಿನ ಗೀಟಿನಂತಿತ್ತು. ಡಿಗ್ರಿಯ ಕೊನೆಯ ವರ್ಷ ಯಾಕೋ ದಪ್ಪಗಾಗತೊಡಗಿತು. ಹೊಲಿಗೆಯ ಗೆರೆಯನ್ನು ದಾಟಿ, ತನ್ನದಲ್ಲದ ಚರ್ಮದ ಮೇಲೆ ಕೈಕಾಲು ಚಾಚಿ ಮಲಗಿತು. ಔಷಧಿ ಅಂಗಡಿಯ ಮುಲಾಮು ಹಚ್ಚಿದಳು, ಕೆಂಪಾಯಿತು. ಮೃದುವಾದ ಸಿಲಿಕೋನ್ ಪಟ್ಟಿ ಅಂಟಿಸಿಕೊಂಡಳು, ಬೆವರಿಗೆ ಬಿಚ್ಚಿ ಆಫೀಸಿನ ಮೇಜಿನ ಮೇಲೆ ಬಿತ್ತು. ಪಕ್ಕದವರು ಅದನ್ನು ಎತ್ತಿಕೊಟ್ಟು ‘ನಿಮ್ಮದಾ’ ಎಂದು ಕೇಳಿದಾಗ ‘ಅಲ್ಲ’ ಎಂದಿದ್ದಳು. ಸುಳ್ಳು ಹೇಳುವುದರಲ್ಲಿ ಅವಳಿಗೆ ಇದ್ದ ಚಾಲಾಕಿ ಇಷ್ಟೇ: ಕೇಳಿದ್ದಕ್ಕೆಲ್ಲ ಇಲ್ಲ, ಅಲ್ಲ. ಕೆಲಸಕ್ಕೆ ಸೇರುವಾಗ ಗುರುತಿನ ಚಿಹ್ನೆ ಏನೆಂದು ಕೇಳಿದರು. ಬಲಮೊಣಕೈ ಹತ್ತಿರ ಮಚ್ಚೆ ಇದೆ ಎಂದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಎತ್ತಿ ಅವಳ ದವಡೆ ನೋಡಿದರು, ಮತ್ತೆ ಮೊಣಕೈ ನೋಡಿದರು, ಆಮೇಲೆ ಏನೂ ಹೇಳದೆ ಮಚ್ಚೆಯೆಂದೇ ಬರೆದರು. ಅವರು ಏನಾದರೂ ಹೇಳಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ. ಆ ರಾತ್ರಿ ಡೈರಿಯಲ್ಲಿ ಅವರ ಪೆನ್ನು ಎಷ್ಟು ಎತ್ತರಕ್ಕೆ ಎದ್ದಿತ್ತೆಂಬುದನ್ನೂ ಬರೆದಳು. ಗುರುತಿನ ಬಣ್ಣ, ಯಾರು ನೋಡಿದರು, ನೋಡಿ ಯಾರು ಕಣ್ಣು ತಪ್ಪಿಸಿದರು, ಎಲ್ಲವೂ ಅವಳ ಡೈರಿಯಲ್ಲಿತ್ತು. ಅದು ನೋಯುತ್ತದೆ, ಕೆಂಡದ ಮೇಲೆ ಇರುವೆ ಹರಿದಂತೆ ತುರಿಸುತ್ತದೆ, ನಡುಮಧ್ಯಾಹ್ನ ಯಾರೋ ಒಳಗಿನಿಂದ ದಾರ ಜಗ್ಗಿದಂತೆ ಎಳೆಯುತ್ತದೆ ಎಂಬುದು ಮಾತ್ರ ಒಂದು ಸಾಲಿನಲ್ಲೂ ಇರಲಿಲ್ಲ. ಅಪ್ಪ ಡೈರಿ ತೆಗೆದು ಓದುವವನೇನಲ್ಲ. ಆದರೂ.

ಅವಳ ಆಫೀಸು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯದು. ಊರಿನ ಯಾವುದೋ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತು, ಒಳಗಿದ್ದವರು ಗಂಟೆಯ ಗುಂಡಿ ಒತ್ತಿದರೆ, ಆ ಕರೆ ಬಂದು ಬೀಳುವುದು ಅವಳ ಕಿವಿಗೆ. ಮೆಕ್ಯಾನಿಕ್ ತಲುಪುವವರೆಗೆ ಅವರ ಜೊತೆ ಮಾತಾಡುತ್ತಿರುವುದೇ ಕೆಲಸ. ಮುಖ ಯಾರಿಗೂ ಕಾಣದ ಕೆಲಸ ಎಂದೇ ಸೇರಿದ್ದಳು. ದವಡೆ ಎಳೆಯದಿರಲೆಂದು ಬಾಯನ್ನು ಅರ್ಧವೇ ತೆರೆದು, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಅದನ್ನು ಕೇಳಿದ ಮ್ಯಾನೇಜರು, “ಎಂಥ ಶಾಂತವಾದ ದನಿಯಮ್ಮ ನಿಂದು, ತರಬೇತಿ ಕೊಟ್ಟರೂ ಬರಲ್ಲ ಇದು,” ಎಂದು ಎಲ್ಲರೆದುರು ಹೊಗಳಿದ್ದರು. ನೋವು ಹೋದರೆ ಈ ದನಿಯೂ ಹೋಗಿಬಿಟ್ಟರೆ ಎಂದು ಒಮ್ಮೊಮ್ಮೆ ಅನಿಸಿ, ತನ್ನ ಮೇಲೆ ತನಗೇ ನಗು ಬರುತ್ತಿತ್ತು. ಕೆಲಸ ಕಲಿಸಿದ್ದು ಪಕ್ಕದ ಮೇಜಿನ ಹಿರಿಯಳು. ಅವಳ ಪಿಸುಮಾತು ಮೆಟ್ಟಿಲಿನವರೆಗೆ ಕೇಳುತ್ತಿದ್ದುದರಿಂದ ಎಲ್ಲರೂ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಮೈಕಕ್ಕ ಮೊದಲ ದಿನವೇ ಹೇಳಿದ್ದಳು: “ನೋಡು, ಒಳಗಿದ್ದವರನ್ನ ‘ಗಾಬರಿ ಆಗಿಲ್ಲ ತಾನೆ’ ಅಂತ ಕೇಳಬೇಡ. ಇಲ್ಲ ಅಂದುಬಿಡ್ತಾರೆ. ಮರ್ಯಾದಸ್ಥರು ಅಲ್ವಾ. ‘ಏನಾಗ್ತಿದೆ’ ಅಂತ ಕೇಳು, ಕೇಳಿ ಸುಮ್ಮನಿರು. ನೀನು ಸುಮ್ಮನಿದ್ರೆ ಅವರು ಹೇಳ್ತಾರೆ.” ಅವಳಿಗೆ ಸುಮ್ಮನಿರುವುದು ಕಷ್ಟವೇ ಆಗಿರಲಿಲ್ಲ.

ಹನ್ನೊಂದರ ಸುಮಾರಿಗೆ ಒಂದು ಕರೆ ಬಂತು. ವಯಸ್ಸಾದ ಗಂಡಸಿನ ದನಿ, ಹುರುಪಿನಿಂದಿತ್ತು. “ನಮಸ್ಕಾರ ತಾಯಿ, ನಾನಿಲ್ಲಿ ನಿಮ್ಮ ಡಬ್ಬದಲ್ಲಿ ಸಿಕ್ಕಿಹಾಕ್ಕೊಂಡಿದೀನಿ. ಆತುರ ಏನಿಲ್ಲ. ಮನೆಗಿಂತ ಇಲ್ಲೇ ಪ್ರಶಾಂತವಾಗಿದೆ.” ಹೊರಗಿನಿಂದ ಹೆಂಗಸೊಬ್ಬರು ಬಾಗಿಲು ಬಡಿಯುತ್ತ, “ರೀ, ಚೆನ್ನಾಗಿದೀರಾ? ರೀ,” ಎನ್ನುವುದು ಕೇಳುತ್ತಿತ್ತು. “ಚೆನ್ನಾಗಿದೀನಿ ಕಣೇ, ನೀನು ಕೂತ್ಕೋ, ಬಿಪಿ ಏರಿಸ್ಕೋಬೇಡ.” ಅವಳು ಮೆಕ್ಯಾನಿಕ್‌ಗೆ ವಿಳಾಸ ಕಳಿಸಿ, ದೀಪ ಇದೆಯೇ, ಫ್ಯಾನು ತಿರುಗುತ್ತಿದೆಯೇ ಎಂದು ಕೇಳಿದಳು. ಎಲ್ಲದಕ್ಕೂ ಹಾಸ್ಯದ ಉತ್ತರ ಬಂತು. ಆದರೆ ಒಂದು ಹಾಸ್ಯಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಮೆಟ್ಟಿಲು ತಪ್ಪಿದಂತೆ ಎಡವುತ್ತಿತ್ತು. ಆ ಎಡವು ಅವಳಿಗೆ ಎಲ್ಲಿಯೋ ಕೇಳಿದಂತಿತ್ತು. ಎಲ್ಲಿ ಎಂದು ಯೋಚಿಸಬೇಕಾಗಲಿಲ್ಲ. ಅದು ಅವಳದೇ. ಕಂಪನಿಯ ಯಾವ ಪಟ್ಟಿಯಲ್ಲೂ ಇಲ್ಲದ ಪ್ರಶ್ನೆ ಕೇಳಿದಳು. “ಎಲ್ಲಿ ನೋಯ್ತಿದೆ ಹೇಳಿ.” ಆ ಕಡೆ ಮೌನ. ಅವಳೂ ಸುಮ್ಮನಿದ್ದಳು. ಆಮೇಲೆ ಬೇರೆ ಯಾರದೋ ಎಂಬಷ್ಟು ಸಣ್ಣ ದನಿ ಬಂತು. “ಮೆಲ್ಲಗೆ ಮಾತಾಡಿ ತಾಯಿ. ಅವಳು ಹೊರಗಡೆ ಇದಾಳೆ. ಬೆರಳು... ಬಾಗಿಲಿನ ಸಂದಿಯಲ್ಲಿ ಬೆರಳು ಸಿಕ್ಕಿಬಿಟ್ಟಿದೆ.” ಅವಳು ಇನ್ನೊಂದು ಫೋನಿನಲ್ಲಿ ಮೆಕ್ಯಾನಿಕ್‌ಗೆ ಹೇಳಿದಳು. ಅವನು ಆಗಲೇ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ. “ಅಯ್ಯೋ, ಹೇಳಿದ್ದು ಒಳ್ಳೇದಾಯ್ತು ಮೇಡಂ,” ಎಂದ. “ಗೊತ್ತಿಲ್ಲದೆ ಎಂದಿನ ಹಾಗೆ ಬಾಗಿಲು ಎಳೆದಿದ್ರೆ ಬೆರಳು ಕೈಗೆ ಬರ್ತಿತ್ತು. ಈಗ ಒಳಗಿನ ಹಲಗೆ ಬಿಚ್ಚಿ ಬರ್ತೀನಿ. ನಿಧಾನ ಆಗುತ್ತೆ ಅಂತ ಹೇಳಿ ಅವರಿಗೆ.” ನಿಧಾನವೇ ಆಯಿತು. ಬಾಗಿಲು ತೆರೆದ ಮೇಲೂ ಲಿಫ್ಟಿನೊಳಗಿನ ಮೈಕು ತೆರೆದೇ ಇತ್ತು. ಹೆಂಗಸಿನ ದನಿ ಕೇಳಿಸಿತು. “ಬೆರಳು ಈ ಪಾಟಿ ಊದಿದೆ, ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?” “ನೀನು ಹೆದರ್ತೀಯ ಅಂತ...” “ಹೆದರಿದ್ರೆ ಹೆದರ್ತಿದ್ದೆ. ನಾನೇನು ಉಪ್ಪಿನ ಗೊಂಬೆನಾ, ಕರಗಿ ಹೋಗೋಕೆ? ತನ್ನಿ ಇಲ್ಲಿ ಕೈ.” ಆಮೇಲೆ ಮೂಗು ಸೀಟಿದ ಶಬ್ದ, ನಗುವೋ ಅಳುವೋ ತಿಳಿಯದ ಒಂದು ಶಬ್ದ. ಹೆಡ್‌ಫೋನು ತೆಗೆದಿಟ್ಟಳು. ಒಬ್ಬ ಅಪರಿಚಿತನಿಂದ ಹೊರಡಿಸಿದ್ದನ್ನು ತನ್ನಿಂದ ಹೊರಡಿಸಲು ಬಾರದವಳು ತಾನು ಎಂದುಕೊಂಡಳು. ಆದರೆ ಆ ಹೆಂಗಸಿನ ‘ತನ್ನಿ ಇಲ್ಲಿ ಕೈ’ ಎಂಬುದು ಮತ್ತೆ ಮತ್ತೆ ಕಿವಿಯಲ್ಲಿ ಸುಳಿಯಿತು. ನೋವು ತಿಳಿದ ಮೇಲೂ ಆ ದನಿಯಲ್ಲಿ ಮುರಿದದ್ದು ಏನೂ ಇರಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಮೈಕಕ್ಕ ಆ ಮುದುಕರನ್ನು ಅಣಕಿಸಿದಳು. “ಮನೆಗಿಂತ ಪ್ರಶಾಂತ ಅಂತೆ. ನಮ್ಮನೆಯವರಿಗೂ ಒಂದು ಲಿಫ್ಟು ಹಾಕಿಸಿಕೊಡಬೇಕು ಕಣೆ. ಒಳಗೆ ಕೂರಿಸಿ ಕರೆಂಟು ತೆಗೆದುಬಿಟ್ರೆ ಇಬ್ಬರಿಗೂ ಸುಖ.” ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೂ ನಗು ಉಕ್ಕಿ ಬಂತು. ಬಂದದ್ದನ್ನು ತುಟಿ ಬಿಗಿದು, ಅಂಗೈ ಅಡ್ಡ ಇಟ್ಟು, ಮೂಗಿನ ದಾರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಆದರೂ ದವಡೆ ಚುರುಕ್ ಎಂದಿತು. “ನಿನ್ನ ನಗು ಯಾಕೆ ಯಾವಾಗಲೂ ಪಾರ್ಸೆಲ್ ಕಟ್ಟಿದ ಹಾಗಿರುತ್ತೆ?” ಎಂದಳು ಮೈಕಕ್ಕ. “ಇಲ್ಲೇ ತಿನ್ನು ಮಾರಾಯ್ತಿ, ಮನೆಗೆ ಯಾಕೆ ಒಯ್ತೀಯ?” ಮತ್ತೆ ಎಲ್ಲರೂ ನಕ್ಕರು. ಅದು ಪ್ರೀತಿಯ ಮಾತೇ. ಗುರುತು ಮುಚ್ಚಲೆಂದು ಬಾಯಿಗೆ ಕೈ ಇಡುತ್ತಾಳೆ ಎಂದು ಅವರೆಲ್ಲ ತಿಳಿದಿದ್ದರು, ಅದಕ್ಕೇ ಯಾರೂ ಆ ಕಡೆ ನೋಡುತ್ತಿರಲಿಲ್ಲ. ನೋಡುವವರ ಕಣ್ಣಿಗೆ ಅದು ಅಂದಚೆಂದದ ಪ್ರಶ್ನೆ. ಅವಳ ಮಟ್ಟಿಗೆ ಆ ಪ್ರಶ್ನೆ ಯಾವತ್ತೋ ಹಳಸಿಹೋಗಿತ್ತು. ಕನ್ನಡಿಯಲ್ಲಿ ಕಾಣುವುದರ ಜೊತೆ ಹೇಗೋ ಹೊಂದಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಬಾಯಿ ತುಂಬ ಒಮ್ಮೆ ನಗುವುದು. ಇಷ್ಟು ಸಣ್ಣದನ್ನು ಬಯಸುವುದಕ್ಕೆ ಆಸ್ಪತ್ರೆಗೆ ಹೋಗಬೇಕೇ ಎಂದು ನಾಚಿಕೆಯಾಯಿತು. ಆಮೇಲೆ, ಇಷ್ಟು ಸಣ್ಣದಕ್ಕೂ ನಾಚಿಕೊಳ್ಳುತ್ತೇನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಅಪ್ಪ ಬರುವುದಕ್ಕೆ ಮುಂಚೆಯೇ ಆಸ್ಪತ್ರೆ ಸೇರಿಬಿಡಬೇಕು, ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋಗಿ ಹೇಳಿಬಿಡಬೇಕು ಎಂದು ಲೆಕ್ಕ ಹಾಕಿ ಆಫೀಸಿನಿಂದ ಬೇಗ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಅಪ್ಪನ ಕಿವಿಗೆ ಬೀಳದಂತೆ ಗುಟ್ಟಾಗಿ ಮುಗಿಯಬಹುದು. ಡಾಕ್ಟರಮ್ಮ ಬೇರೆ ಏನೋ ನೆಪ ಹೇಳಿ ಕತ್ತರಿಸುವುದು ಬೇಡ ಎನ್ನಬಹುದು. ಅಪ್ಪ ಒಪ್ಪಬಹುದು. ಯಾರ ತಟ್ಟೆಯೂ ಹಾಗೇ ಒಳಗೆ ಹೋಗಬೇಕಾಗಿಲ್ಲ. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕಂಪ್ಯೂಟರಿನಿಂದ ಮುಖ ತೆಗೆಯದೆ, “ನಿಮ್ಮ ಜೊತೆ ಯಾರು?” ಎಂದಳು. “ಅಪ್ಪ ಬರ್ತಾರೆ. ಅದಕ್ಕೆ ಮುಂಚೆ... ನಾನೊಬ್ಬಳೇ ಡಾಕ್ಟರನ್ನ ಒಂದು ನಿಮಿಷ ನೋಡಬಹುದಾ?” ಅರ್ಧ ತೆರೆದ ಬಾಯಿಯ ಮಾತು ಕೌಂಟರಿನ ಆ ಬದಿಗೆ ಪೂರ್ತಿ ತಲುಪಲಿಲ್ಲ. “ಏನು? ಅಪ್ಪ ಇಲ್ಲದೆ ನೋಡಬೇಕಾ? ಯಾಕೆ, ಬೇರೆ ಏನಾದ್ರೂ ತೊಂದರೆನಾ?” ಎಂದು ಆಕೆ ಈಗ ತಲೆಯೆತ್ತಿ ಕೇಳಿದಳು. ಬೆಂಚಿನ ಮೇಲಿದ್ದವರ ತಲೆಗಳು ಒಂದೇ ದಾರಕ್ಕೆ ಕಟ್ಟಿದಂತೆ ತಿರುಗಿದವು. ಒಬ್ಬ ಅಜ್ಜಿಯಂತೂ ಇನ್ನೂ ಚೆನ್ನಾಗಿ ಕೇಳಿಸಲೆಂದು ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. “ಏನಿಲ್ಲ, ಏನಿಲ್ಲ,” ಎಂದು ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಮುದುಡಿ ಕೂತಳು. ಕೆನ್ನೆಗೆ ನೆತ್ತರು ನುಗ್ಗಿ, ಗುರುತು ಬೇರೆಯದೇ ಒಂದು ಜೀವದಂತೆ ಮಿಡಿಯತೊಡಗಿತು. ಅದನ್ನು ಬಲಗೈ ಉಗುರಿನಿಂದ ಪರಪರ ಕೆರೆಯಬೇಕೆನಿಸಿತು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಅಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿಕೊಂಡು ಬಂದಿದ್ದ. ಆದರೂ ಬೆರಳಿನ ಗೆರೆಗಳಲ್ಲಿ ಗಾಜಿನ ಪುಡಿ ಹೊಳೆಯುತ್ತಿತ್ತು. ಅವನು ಯಾವಾಗಲೂ ಅವಳ ಬಲಕ್ಕೇ ಕೂರುವವನು. ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿಯಾದರೂ ಸರಿ, ಸುತ್ತು ಹಾಕಿಯಾದರೂ ಬಲಕ್ಕೆ ಬರುವವನು. ಇವತ್ತು ಬಲಕ್ಕೆ ಗೋಡೆಯಿತ್ತು. ಒಂದು ಕ್ಷಣ ನಿಂತು ನೋಡಿ, ಎಡದ ಕುರ್ಚಿಯ ಅಂಚಿಗೆ ಕೂತ. ಎದುರಿನ ಕಿಟಕಿಯನ್ನೇ ದಿಟ್ಟಿಸಿದ. “ಈ ಗಾಜು ಯಾರು ಕೂರಿಸಿದ್ದೋ, ಮೂಲೆಯಲ್ಲಿ ಪುಟ್ಟಿನೇ ಮೆತ್ತಿಲ್ಲ. ಗಾಳಿ ಬಂದ್ರೆ ಲಟಲಟ ಅನ್ನುತ್ತೆ ನೋಡ್ತಿರು,” ಎಂದ. “ಹೂಂ,” ಎಂದಳು. “ಆಸ್ಪತ್ರೆ ಅಂದಮೇಲೆ ಸ್ವಲ್ಪ ನೀಟಾಗಿ ಮಾಡಬಾರದಾ.” ಕಿಟಕಿಯ ಮಾತು ಮುಗಿಯಿತು. ಬೇರೆ ಕಿಟಕಿ ಇರಲಿಲ್ಲ. ಆಗ ನಿಧಾನವಾಗಿ ತಿರುಗಿ ಅವಳ ದವಡೆಯನ್ನು ನೋಡಿದ. ಎಷ್ಟೋ ವರ್ಷಗಳಲ್ಲಿ ಅವನು ಅದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎಂದು ಅವಳಿಗೆ ಅನಿಸಿತು. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. “ಇಷ್ಟು ಕೆಂಪಗಿದೆಯಾ,” ಎಂದ, ಅವಳಿಗಲ್ಲ, ತನಗೇ. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ, “ಇದೊಂದು ಹೋಗಿಬಿಟ್ರೆ ಸಾಕು ಮರಿ. ಆಮೇಲೆ ನಾನು ನಿನ್ನ ಯಾವ ಕಡೆ ಬೇಕಾದ್ರೂ ಕೂತ್ಕೋಬಹುದು,” ಎಂದು ನಗಲು ನೋಡಿದ. ಅವನಿಗೆ ತಿಳಿಯದಿರಲಿ ಎಂದು ತಾನು ಅಡಗಿಸಿಟ್ಟಿದ್ದರಿಂದ ಅವನೇನೂ ಹಗುರಾಗಿರಲಿಲ್ಲ. ಸುತ್ತು ಹಾಕಿಕೊಂಡು ಬಲಕ್ಕೆ ಬರುತ್ತಲೇ ಇದ್ದ. ತಟ್ಟೆ ಖಾಲಿಯಾಗುತ್ತಿತ್ತು, ಅಷ್ಟೆ.

ಒಳಗೆ ಡಾಕ್ಟರಮ್ಮ ಸಣ್ಣ ಅಳತೆಪಟ್ಟಿಯನ್ನು ಅವಳ ದವಡೆಗೆ ಹಿಡಿದು ನೋಡಿದರು. ಕನ್ನಡಕವನ್ನು ಹಣೆಗೆ ಏರಿಸಿ ಮತ್ತೆ ನೋಡಿದರು. ಯೋಚನೆಯನ್ನು ಬಾಯಿಬಿಟ್ಟು ಮಾಡುವ ಅಭ್ಯಾಸ ಆಕೆಗೆ. “ಹೋದ ಸಲಕ್ಕಿಂತ ಈ ಅಂಚು ಚೂರು ಮುಂದೆ ಬಂದ ಹಾಗಿದೆ. ಹೂಂ. ಇದು ನನಗೆ ಅಷ್ಟು ಹಿಡಿಸ್ತಿಲ್ಲ,” ಎಂದು ಗೊಣಗಿದರು. ಕುರ್ಚಿ ಎಳೆದುಕೊಂಡು ಇಬ್ಬರಿಗೂ ಎದುರಾಗಿ ಕೂತು, “ನೋಡಿ, ಇಲ್ಲಿ ದಾರಿ ಎರಡಿದೆ,” ಎಂದರು. “ಇದು ಸುಮ್ಮನೆ ಮಲಗಿರೋ ಗುರುತಾದ್ರೆ ಕತ್ತರಿಸಿ ಸಣ್ಣಗೆ ಹೊಲೀಬಹುದು. ಬೇಗ ಮುಗಿಯುತ್ತೆ. ಎದ್ದಿರೋದಾದ್ರೆ ಅದನ್ನ ಕೆಣಕಬಾರದು. ಆಗ ಗುರುತಿನೊಳಗೇ ಇಂಜೆಕ್ಷನ್ ಕೊಡ್ತಾ, ತಿಂಗಳುಗಟ್ಟಲೆ, ನಿಧಾನಕ್ಕೆ ಮೆತ್ತಗೆ ಮಾಡಬೇಕು. ಪೂರ್ತಿ ಮಾಯ ಆಗುತ್ತೆ ಅಂತ ನಾನು ಹೇಳಲ್ಲ. ಒಂದು ಗೆರೆ ಉಳೀಬಹುದು, ಬಣ್ಣ ಸ್ವಲ್ಪ ಬಿಳುಪಾಗಬಹುದು. ಆದ್ರೆ ಸಾಮಾನ್ಯವಾಗಿ ಆ ದಾರೀಲಿ ಮೊದಲು ಹೋಗೋದು ನೋವು, ತುರಿಕೆ, ಆ ಬಿಗಿತ. ನೋಟ ಆಮೇಲೆ.” ಮೊದಲು ಹೋಗುವುದು ನೋವು. ಹಾಗೆ ಹೋಗುವಂಥದ್ದು ಅದು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಮೈಯ ಒಂದು ಅಂಗದಂತೆ, ಮೂಗು ಇರುವಂತೆ, ಅದು ಇರುತ್ತದೆ ಎಂದೇ ನಂಬಿದ್ದಳು. “ಅದಕ್ಕೇ ಇನ್ನೊಂದು ಸಲ ಕೇಳ್ತಿದೀನಿ,” ಎಂದರು ಡಾಕ್ಟರಮ್ಮ. “ಇದು ನೋಯುತ್ತಾ?”

“ಇಲ್ಲ ಡಾಕ್ಟ್ರೇ,” ಎಂದ ಅಪ್ಪ. ಅವಳು ಉಗುಳು ನುಂಗುವಷ್ಟರಲ್ಲೇ ಅಂದಿದ್ದ. “ನೋವೊಂದು ಇಲ್ಲ ಅವಳಿಗೆ. ಮೊದಲಿನಿಂದಲೂ ಇಲ್ಲ. ಚಿಕ್ಕವಳಿದ್ದಾಗ ದಿನಾ ಸಂಜೆ ನಾನೇ ಕೇಳ್ತಿದ್ದೆ. ಗಾಯ ಆದ ದಿನ ಬಿಟ್ರೆ ಒಂದು ದಿನಾನೂ ನೋಯುತ್ತೆ ಅಂದವಳಲ್ಲ.” ಅವನ ದನಿಯಲ್ಲಿ ಹೆಮ್ಮೆಯಿತ್ತು, ಅದಕ್ಕಿಂತ ಹೆಚ್ಚಾಗಿ ಕೃತಜ್ಞತೆಯಿತ್ತು. ಎಷ್ಟೋ ವರ್ಷಗಳಿಂದ ಅವನು ಕಾಲೂರಿ ನಿಂತಿದ್ದ ಜಾಗ ಅದೊಂದೇ. ಡಾಕ್ಟರಮ್ಮ ಅಪ್ಪನ ಕಡೆ ನೋಡಿ ತಲೆಯಾಡಿಸಿದರು, ಆದರೆ ಪೆನ್ನು ಎತ್ತಿಕೊಳ್ಳಲಿಲ್ಲ. ಮತ್ತೆ ಅವಳ ಕಡೆ ನೋಡಿದರು, ನೋಡಿ ಸುಮ್ಮನಿದ್ದರು. ಕೋಣೆಯಲ್ಲಿ ಫ್ಯಾನಿನ ಸದ್ದು. ಹೊರಗೆ ಯಾರದೋ ಹೆಸರು ಕೂಗಿದರು, ಯಾರೋ ಎದ್ದು ಹೋದರು. ನಾಲಿಗೆಯ ಮೇಲೆ ಹಳೆಯ ‘ಇಲ್ಲ’ ಸಿದ್ಧವಾಗಿ ಕೂತಿತ್ತು, ಚಪ್ಪಲಿ ಬಿಡುವ ಸದ್ದೊಂದು ಕೇಳಿದರೆ ತಾನಾಗಿ ಹೊರಬೀಳುವಂತೆ. ಅವಳು ಬಲಕ್ಕೆ ಕೂತಿದ್ದ ಅಪ್ಪನ ಕಡೆ ತಿರುಗಿದಳು. ಹಾಗೆ ತಿರುಗಿದಾಗ ಎಡದವಡೆ ಪೂರ್ತಿಯಾಗಿ ಅವನ ಮುಖದ ಎದುರಿಗೆ ಬಂತು. ಅವನು ಕಣ್ಣು ತಪ್ಪಿಸುವ ಮೊದಲೇ, ತೊಡೆಯ ಮೇಲಿದ್ದ ಅವನ ಒರಟು ಕೈಯನ್ನು ಹಿಡಿದುಕೊಂಡಳು. ಆ ಕೈ ಬಿಸಿಯಾಗಿತ್ತು, ಬೆವರಿತ್ತು, ಬಿಡಿಸಿಕೊಳ್ಳಲಿಲ್ಲ. ಬಾಯಿ ಪೂರ್ತಿ ತೆರೆದಳು. ಒಳಗಿನ ದಾರ ಚುರುಕ್ಕನೆ ಜಗ್ಗಿತು. ಜಗ್ಗಲಿ ಎಂದು ಬಿಟ್ಟಳು.

“ನೋಯುತ್ತೆ ಅಪ್ಪ. ನಗುವಾಗ ಜಾಸ್ತಿ.”